ಟ್ರಾಕ್ಟರಿನ ಬ್ಯಾಟರಿ ನಿಂತಲ್ಲೇ ಇಳಿಯುವುದೇಕೆ?



ಬಿತ್ತನೆಯ ಹದ ಬಂದ ದಿನ ಬೆಳಿಗ್ಗೆ ಟ್ರಾಕ್ಟರು ಸೆಲ್ಫ್ ತೆಗೆದುಕೊಳ್ಳದಿದ್ದರೆ ಆಗುವ ನಷ್ಟ ನಿಮಗೆ ಗೊತ್ತಿದೆ. ಅವಸರದಲ್ಲಿ ಪೇಟೆಗೆ ಹೋಗಿ ಹೊಸ ಬ್ಯಾಟರಿ ತರುತ್ತಾರೆ. ತಿಂಗಳೊಳಗೆ ಅದೂ ಇಳಿಯುತ್ತದೆ. ಎಷ್ಟೋ ವೇಳೆ ದೋಷ ಬ್ಯಾಟರಿಯದಲ್ಲ. ಯಂತ್ರ ನಿಂತಿರುವಾಗಲೂ ಎಲ್ಲೋ ವಿದ್ಯುತ್ತು ಸೋರುತ್ತಿರುತ್ತದೆ. ಕಾಲು ಆಂಪಿಯರ್ ಸೋರಿದರೂ ದಿನಕ್ಕೆ 6 ಆಂಪಿಯರ್-ಗಂಟೆ ಹೋಯಿತು. 75 ಆಂಪಿಯರ್-ಗಂಟೆಯ ಬ್ಯಾಟರಿ ಹದಿಮೂರು ದಿನ ತುಂಬುವ ಮೊದಲೇ ಬರಿದು!

ಸೋರಿಕೆ ಹುಡುಕಲು ಮೊದಲು ತಂತಿ ಬಿಚ್ಚಬೇಕು. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ದೀಪಗಳನ್ನು ಆರಿಸಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ. ಬೀಡಿಯ ಕಿಡಿ ತಗಲಿದರೂ ಸಾಕು, ಪೆಟ್ಟಿಗೆ ಸಿಡಿದು ಆಮ್ಲ ಕಣ್ಣಿಗೆ ಹಾರೀತು. ಚಾರ್ಜ್ ಇದೆಯೇ ಎಂದು ನೋಡಲು ಎರಡು ತುದಿಗಳಿಗೆ ಪಾನಾ ಅಡ್ಡ ಹಿಡಿದು ಕಿಡಿ ಹಾರಿಸುವ ಚಾಳಿಯನ್ನಂತೂ ಬಿಡಲೇಬೇಕು. ಆಮ್ಲ ಸಿಡಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಿರಿ. ಕಣ್ಣಿಗಾದರೆ ತೊಳೆದೊಡನೆ ವೈದ್ಯರಲ್ಲಿಗೆ ಹೋಗಿ.

ಮೊದಲು ಬಿಚ್ಚಬೇಕಾದುದು ಟ್ರಾಕ್ಟರಿನ ಮೈಗೆ ಸೇರಿದ ಅರ್ತ್ ತಂತಿ. ಸಾಮಾನ್ಯವಾಗಿ ಅದು ಋಣ ತುದಿಯದು. ಕೆಲವು ಹಳೆಯ ಟ್ರಾಕ್ಟರುಗಳಲ್ಲಿ ಧನ ತುದಿಯೇ ಮೈಗೆ ಸೇರಿರುವುದುಂಟು. ಆದ್ದರಿಂದ ಚಿಹ್ನೆಯೊಂದನ್ನೇ ನಂಬದೆ ತಂತಿ ಎಲ್ಲಿಗೆ ಹೋಗಿದೆ ಎಂಬುದನ್ನು ನೋಡಿ. ಇನ್ನೊಂದು ತಂತಿಯನ್ನು ಮೊದಲು ಬಿಚ್ಚಹೊರಟರೆ, ಪಾನಾ ಮೈಯ ಕಬ್ಬಿಣಕ್ಕೆ ತಗಲಿದೊಡನೆ ಬ್ಯಾಟರಿಯ ಶಕ್ತಿಯೆಲ್ಲ ಅದರಲ್ಲೇ ಹರಿದು ಕೈ ಸುಟ್ಟೀತು. ಮತ್ತೆ ಜೋಡಿಸುವಾಗ ಅರ್ತ್ ತಂತಿ ಕೊನೆಗೆ.

ಈಗ ಬಿಚ್ಚಿದ ಅರ್ತ್ ತಂತಿಗೂ ಬ್ಯಾಟರಿಯ ಅದೇ ತುದಿಗೂ ನಡುವೆ 12 ವೋಲ್ಟಿನ 5 ವ್ಯಾಟ್ ಬಲ್ಬು ಸೇರಿಸಿ. ಮಂಕಾಗಿ ಉರಿದರೂ ಸೋರಿಕೆ ಇದೆಯೆಂದೇ ಅರ್ಥ. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಬಲ್ಬು ಆರುತ್ತದೋ ಆ ಸಾಲಿನಲ್ಲೇ ದೋಷ. ಬ್ರೇಕ್ ದೀಪದ ಸ್ವಿಚ್ಚು ಅಂಟಿಕೊಂಡಿರಬಹುದು. ಎಲ್ಲ ಫ್ಯೂಸು ತೆಗೆದರೂ ಬಲ್ಬು ಉರಿಯುತ್ತಿದ್ದರೆ, ಆಮೇಲೆ ಹಾಕಿಸಿದ ಹಾಡಿನ ಪೆಟ್ಟಿಗೆಯ ತಂತಿಯನ್ನು ನೇರವಾಗಿ ಬ್ಯಾಟರಿಗೇ ಕೊಟ್ಟಿದ್ದಾರೆಯೇ ನೋಡಿ. ಅದೂ ಅಲ್ಲದಿದ್ದರೆ ಆಲ್ಟರ್ನೇಟರಿನ ಡಯೋಡು ಕೆಟ್ಟಿರುವ ಸಂಭವ ಹೆಚ್ಚು. ಅದು ಆಟೋ ಎಲೆಕ್ಟ್ರಿಷಿಯನ್ ಕೆಲಸ. ತೀರ ಸಣ್ಣ ಸೋರಿಕೆಗೆ ಬಲ್ಬು ಉರಿಯದು, ಮಲ್ಟಿಮೀಟರೇ ಬೇಕು. ಮೀಟರು ನಡುವೆ ಇರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ.

ಬ್ಯಾಟರಿಯ ನೆತ್ತಿಯ ಮೇಲೆ ಕೂತ ಧೂಳು ಆಮ್ಲದ ಪಸೆಯಲ್ಲಿ ನೆನೆದರೆ ಅದೂ ತಂತಿಯಂತೆಯೇ ಕೆಲಸ ಮಾಡುತ್ತದೆ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ. ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಒಳಗಿಳಿದರೆ ಆಮ್ಲ ಕೆಡುತ್ತದೆ. ಸುಗ್ಗಿ ಮುಗಿದು ಟ್ರಾಕ್ಟರು ವಾರಗಟ್ಟಲೆ ಕೊಟ್ಟಿಗೆಯಲ್ಲೇ ನಿಲ್ಲುವುದಾದರೆ ಅರ್ತ್ ತಂತಿಯನ್ನು ಬಿಚ್ಚಿಯೇ ಇಡಿ.