ಮೂರು ಉಚ್ಚಾರಾಂಶದ ಒಂದು ಹಕ್ಕು



ಆಸ್ತಿಯ ಒಡೆತನ ಒಬ್ಬರದು, ಅದರ ಫಲ ಉಣ್ಣುವ ಹಕ್ಕು ಇನ್ನೊಬ್ಬರದು. ಫಲ ಉಣ್ಣುವವರು ಮೂಲಸ್ವತ್ತು ಕೆಡದಂತೆ ಕಾಯಬೇಕು. ಫ್ರಾನ್ಸಿನ 1804ರ ಸಿವಿಲ್ ಸಂಹಿತೆಯ 578ನೇ ವಿಧಿ ಹೇಳುವುದು ಈ ಹಕ್ಕನ್ನೇ. ತಂದೆ ತೀರಿಕೊಂಡ ಮೇಲೆ ಮನೆ ಮಕ್ಕಳ ಪಾಲಿಗೆ ಬಂದು, ತಾಯಿ ಬದುಕಿರುವವರೆಗೆ ಅದರಲ್ಲಿ ವಾಸಿಸುವುದೋ ಬಾಡಿಗೆ ಪಡೆಯುವುದೋ ಅಲ್ಲಿ ಸಾಮಾನ್ಯ. ಈ ಹಕ್ಕಿನ ಹೆಸರನ್ನು ಬರೆಯಲು ಎಂಟು ಅಕ್ಷರ ಬೇಕು: ಯು, ಎಸ್, ಯು, ಎಫ್, ಆರ್, ಯು, ಐ, ಟಿ. ಬಾಯಲ್ಲಿ ಮಾತ್ರ ಮೂರೇ ಉಚ್ಚಾರಾಂಶ: ಉ-ಜು-ಫ್ರ್ವಿ.

ಇಲ್ಲಿ ನಾನು ಬರೆಯುವ ‘ಉ’ ಬರಿಯ ಅಂದಾಜು. ನಾಲಿಗೆಯನ್ನು ‘ಈ’ ಎನ್ನುವ ಹಾಗೆ ಮುಂದಿಟ್ಟು, ತುಟಿಯನ್ನು ‘ಊ’ ಎನ್ನುವ ಹಾಗೆ ದುಂಡಗೆ ಮಾಡಿ; ಹೊರಡುವುದೇ ಫ್ರೆಂಚರ ಸ್ವರ. ಎರಡು ಸ್ವರಗಳ ನಡುವೆ ಸಿಕ್ಕಿದ ಎಸ್ ಮೆದುವಾಗಿ, ಇಂಗ್ಲಿಷಿನ ‘ಝಡ್’ ಧ್ವನಿಯಾಗುತ್ತದೆ. ಕೊನೆಯ ಯು, ಐ ಎರಡು ಸ್ವರಗಳಾಗಿ ನಿಲ್ಲುವುದಿಲ್ಲ. ಮೊದಲನೆಯದು ಎರಡನೆಯದಕ್ಕೆ ಜಾರಿಬಿಡುತ್ತದೆ.

ನಾವು ಎಡವುವುದು ಎಫ್-ಆರ್ ಜೋಡಿಯಲ್ಲಿ. ಕನ್ನಡದ ನಾಲಿಗೆ ‘ಜುಫ್’ ಎಂದು ಒತ್ತಿ ಮುಂದೆ ಹೋಗುತ್ತದೆ. ಒತ್ತಕ್ಷರದ ಹಿಂದಿನದು ಗುರು ಎಂಬುದು ನಮ್ಮ ಛಂದಸ್ಸಿನ ರೂಢಿ. ಫ್ರೆಂಚಿನಲ್ಲಿ ಆ ಜೋಡಿ ಒಡೆಯದೆ ಇಡಿಯಾಗಿ ಮುಂದಿನ ಸ್ವರಕ್ಕೆ ಸೇರುತ್ತದೆ, ಹಿಂದಿನ ‘ಜು’ ಹಗುರವಾಗಿಯೇ ಉಳಿಯುತ್ತದೆ. ಹಳಗನ್ನಡದ ಶಿಥಿಲದ್ವಿತ್ವ ಓದಿದವರಿಗೆ ಈ ಹಗುರತನ ಹೊಸದಲ್ಲ. ಸಾಲಿನ ಕೊನೆಯಲ್ಲಿ ಪದವನ್ನು ಮುರಿಯಬೇಕಾದರೂ ಎಫ್‌ನ ಹಿಂದೆಯೇ ಮುರಿಯುತ್ತಾರೆ. ಬಳಕೆ, ಫಲ ಎಂಬ ಎರಡು ಲ್ಯಾಟಿನ್ ಪದಗಳು ಕೂಡಿದ ಜಾಗವೂ ಅದೇ.

ಇನ್ನು ಕೊನೆಯ ಟಿ. ಅದು ಕೇಳಿಸುವುದಿಲ್ಲ. ಮುಂದಿನ ಪದ ಸ್ವರದಿಂದ ಶುರುವಾದರೂ, ಏಕವಚನ ನಾಮಪದದ ಕೊನೆಯ ಟಿಯನ್ನು ಅದಕ್ಕೆ ಕೂಡಿಸಿ ಹೇಳುವುದಿಲ್ಲ. ಆದರೆ ಹಕ್ಕುಳ್ಳವನನ್ನು ಹೆಸರಿಸಿದ ಕೂಡಲೇ ಟಿಗೆ ಸ್ವರದ ಆಸರೆ ಸಿಗುತ್ತದೆ: ಉ-ಜು-ಫ್ರ್ವಿ-ತ್ಯೇ. ಹೆಂಗಸಾದರೆ ಉ-ಜು-ಫ್ರ್ವಿ-ತ್ಯೇರ್. ಪದದ ಮುಂಭಾಗವೂ ಒಂಟಿಯಲ್ಲ. ನಾಮಪದಕ್ಕೆ ಮುಂಚೆ ಬರುವ ‘ಲ’ ಎಂಬ ನಿರ್ದೇಶಕ ಪದ ತನ್ನ ಸ್ವರ ಕಳೆದುಕೊಂಡು ‘ಲು-ಜು-ಫ್ರ್ವಿ’ ಆಗುತ್ತದೆ.

ಆದ್ದರಿಂದ ಫ್ರೆಂಚ್ ಕಾನೂನು ಓದಲು ಹೊರಟವರು ಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿ. ನಿರ್ದೇಶಕದೊಡನೆ ಒಮ್ಮೆ, ಹಕ್ಕುದಾರನ ರೂಪದಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳಿ. ಬರೆದೂ ಹೇಳದ ಅಕ್ಷರ ಅಲ್ಲಿ ಏಕಿದೆ ಎಂಬುದು ಆಗ ಕಿವಿಗೇ ತಿಳಿಯುತ್ತದೆ.