ವಿಗನ್ನಿನ ಶನಿವಾರ ರಾತ್ರಿಗಳು



ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಮ್ಯಾಂಚೆಸ್ಟರಿಗೂ ಲಿವರ್‌ಪೂಲಿಗೂ ನಡುವೆ ವಿಗನ್ ಎಂಬ ಊರಿದೆ. ಕಲ್ಲಿದ್ದಲು ಗಣಿ, ಹತ್ತಿ ಗಿರಣಿಗಳ ಊರು. 1970ರ ದಶಕದಲ್ಲಿ ಅವು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲಕ್ಕೆ, ಅಲ್ಲಿನ ಹಳೆಯ ನೃತ್ಯಮಂದಿರವೊಂದರ ಮುಂದೆ ಪ್ರತಿ ಶನಿವಾರ ನಡುರಾತ್ರಿ ಹುಡುಗ ಹುಡುಗಿಯರು ಸಾಲುಗಟ್ಟಿ ನಿಲ್ಲುತ್ತಿದ್ದರು. ಬಾಗಿಲು ತೆರೆಯುವುದು ಬೆಳಗಿನ ಜಾವ ಎರಡಕ್ಕೆ, ಮುಚ್ಚುವುದು ಭಾನುವಾರ ಬೆಳಿಗ್ಗೆ ಎಂಟಕ್ಕೆ. ಹೆಸರು ವಿಗನ್ ಕ್ಯಾಸಿನೊ. ಆದರೆ ಅಲ್ಲಿ ಜೂಜೂ ಇರಲಿಲ್ಲ, ಹೆಂಡವೂ ಇರಲಿಲ್ಲ. ಕುಣಿತವೊಂದೇ.

ಕುಣಿಯುತ್ತಿದ್ದದ್ದು ಯಾವ ಹಾಡಿಗೆ? ಅದಕ್ಕೆ ಅಮೆರಿಕಕ್ಕೆ ಹೋಗಬೇಕು. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಕಂಪನಿ ಕಪ್ಪು ಗಾಯಕರ ಸೋಲ್ ಹಾಡುಗಳಿಂದ ಜಗತ್ತನ್ನೇ ಗೆದ್ದಿತು. ಅದನ್ನು ನೋಡಿ ಎಷ್ಟೋ ಸಣ್ಣ ಕಂಪನಿಗಳು ಅಂಥದ್ದೇ ಹಾಡುಗಳನ್ನು ಮಾಡಿದವು. ಹೆಚ್ಚಿನವು ಮಾರಾಟವಾಗದೆ ಗೋದಾಮುಗಳಲ್ಲಿ ದೂಳು ತಿಂದವು. ಅಮೆರಿಕ ಮರೆತ ಆ ಹಾಡುಗಳ ಓಟದ ಲಯವನ್ನು ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್ ಕ್ಲಬ್ಬಿನ ಹುಡುಗರು ಬಿಡಲೇ ಇಲ್ಲ. 1970ರಲ್ಲಿ ಪತ್ರಕರ್ತ ಡೇವ್ ಗೋಡಿನ್ ತನ್ನ ಅಂಕಣದಲ್ಲಿ ಇದನ್ನು ನಾರ್ದರ್ನ್ ಸೋಲ್ ಎಂದು ಕರೆದ. ಮರುವರ್ಷ ವೀಲ್ ಮುಚ್ಚಿತು. ಸ್ಟೋಕ್-ಆನ್-ಟ್ರೆಂಟಿನ ಟಾರ್ಚ್, ಬ್ಲ್ಯಾಕ್‌ಪೂಲ್‌ನ ಮೆಕ್ಕಾ ಕ್ಲಬ್ಬುಗಳು ಆ ಕುಣಿತವನ್ನು ಮುಂದುವರಿಸಿದವು. 1973ರ ಸೆಪ್ಟೆಂಬರ್ 23ರಂದು ಕ್ಯಾಸಿನೊ ಶುರುವಾಯಿತು.

ಇಲ್ಲಿ ಜೋಡಿ ಬೇಕಿರಲಿಲ್ಲ. ಅಗಲ ಪ್ಯಾಂಟಿನ ಹುಡುಗ ಮರದ ನೆಲದ ಮೇಲೆ ಚಿಟಿಕೆ ಪೌಡರ್ ಉದುರಿಸಿ, ಚರ್ಮದ ಅಟ್ಟೆಯ ಬೂಟಿನಲ್ಲಿ ಜಾರುತ್ತ, ಗಿರ್ರನೆ ಸುತ್ತಿ, ಹಿಂದಕ್ಕೆ ಬಿದ್ದು, ಕೈಯೂರಿ ತಾಳ ತಪ್ಪದಂತೆ ಎದ್ದು ನಿಲ್ಲುತ್ತಿದ್ದ. ಬೆವರಿಗೆ ಅಂಗಿ ತೊಪ್ಪೆಯಾದರೆ ಚೀಲದಲ್ಲಿ ಇನ್ನೊಂದು ಅಂಗಿ, ಟವೆಲ್ಲು.

ನಿದ್ದೆಗೆಡಲು ಅನೇಕರು ಆಂಫೆಟಮಿನ್ ಗುಳಿಗೆ ನುಂಗುತ್ತಿದ್ದರು. ಅದಕ್ಕಾಗಿ ಔಷಧದಂಗಡಿಗಳಿಗೆ ಕನ್ನ ಹಾಕಿದವರಿದ್ದರು. ಇದನ್ನು ಮುಚ್ಚಿಟ್ಟು ಈ ಕಥೆ ಹೇಳಬಾರದು.

ಹಾಗೆಂದು ವಾರವಿಡೀ ದುಡಿದದ್ದನ್ನು ಒಂದೇ ರಾತ್ರಿಗೆ ಸುರಿಯುವ ಪೋಲಿ ಮಕ್ಕಳೆಂದು ಇವರನ್ನು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ಅವರ ಶ್ರದ್ಧೆ ನೋಡಿ. ಯಾರೂ ಕೇಳದ ಹಾಡನ್ನು ಹುಡುಕಿ ತಂದವನಿಗೇ ಅಲ್ಲಿ ಮಾನ. ಡಿಜೆಗಳು ಅಮೆರಿಕದ ಗೋದಾಮುಗಳನ್ನು ಜಾಲಾಡಿ ತಂದ ಏಳಿಂಚಿನ ರೆಕಾರ್ಡುಗಳ ಲೇಬಲ್ಲಿಗೆ ಕಾಗದ ಅಂಟಿಸಿ, ಗಾಯಕನಿಗೆ ಸುಳ್ಳು ಹೆಸರು ಕೊಡುತ್ತಿದ್ದರು. ಪೈಪೋಟಿಯವರಿಗೆ ಗುಟ್ಟು ಬಿಡಬಾರದಲ್ಲ! ಫ್ರ್ಯಾಂಕ್ ವಿಲ್ಸನ್‌ನ 1965ರ ಹಾಡೊಂದನ್ನು ಮೋಟೌನ್ ಅಚ್ಚು ಹಾಕಿಸಿಯೂ ಮಾರುಕಟ್ಟೆಗೆ ಬಿಡಲಿಲ್ಲ. ಕ್ಯಾಸಿನೊದಲ್ಲಿ ಅದು ಎಡ್ಡಿ ಫಾಸ್ಟರ್ ಎಂಬ ಹೆಸರಿನಲ್ಲಿ ಮೊಳಗಿತು. 2009ರಲ್ಲಿ ಅದರ ಒಂದು ಪ್ರತಿ 25 ಸಾವಿರ ಪೌಂಡಿಗೂ ಹೆಚ್ಚಿಗೆ ಮಾರಾಟವಾಯಿತು. ಸಂಗೀತದ ವ್ಯಾಪಾರಿಗಳು ಕಸವೆಂದು ಬಿಟ್ಟದ್ದರ ಬೆಲೆಯನ್ನು ಕಾರ್ಖಾನೆಯ ಮಕ್ಕಳು ಕಿವಿಯಿಂದಲೇ ಅಳೆದಿದ್ದರು.

1981ರ ಡಿಸೆಂಬರ್ 6ರಂದು ಕ್ಯಾಸಿನೊ ಮುಚ್ಚಿತು. ಕೆಲ ಕಾಲದ ಮೇಲೆ ಕಟ್ಟಡವನ್ನೂ ಕೆಡವಿದರು. ಕ್ಯಾಸಿನೊ ಮುಚ್ಚಿದ ಆ 1981ರಲ್ಲೇ, ಈ ಮಂದಿ ಬದುಕಿಸಿಟ್ಟಿದ್ದ ಗ್ಲೋರಿಯಾ ಜೋನ್ಸ್‌ಳ ಹಳೆಯ ಹಾಡು ‘ಟೇಂಟೆಡ್ ಲವ್’ ಅನ್ನು ಸಾಫ್ಟ್ ಸೆಲ್ ಜೋಡಿ ಹೊಸದಾಗಿ ಹಾಡಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಕ್ಯಾಸಿನೊದಲ್ಲಿ ಎಂಟು ಗಂಟೆಗೆ ಮುನ್ನ ಅವೇ ಮೂರು ಹಾಡು ಹಾಕಿ ರಾತ್ರಿ ಮುಗಿಸುವುದು ವಾಡಿಕೆಯಾಗಿತ್ತು. ಮೂರನೆಯದನ್ನು ಹಾಡಿದವನು ನ್ಯೂಯಾರ್ಕಿನ ಡೀನ್ ಪ್ಯಾರಿಷ್. ಸಾಗರದಾಚೆಯ ಗಣಿಯೂರಿನಲ್ಲಿ ತನ್ನ ದನಿಗೆ ಭಾನುವಾರದ ಬೆಳಗಾಗುತ್ತಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ. ಎಷ್ಟೋ ವರ್ಷಗಳ ನಂತರ ಸುದ್ದಿ ತಿಳಿದು ಇಂಗ್ಲೆಂಡಿಗೆ ಬಂದ, ತಲೆ ನರೆತ ಅದೇ ಅಭಿಮಾನಿಗಳ ಮುಂದೆ ಹಾಡಿದ. 2006ರಲ್ಲಿ ಅಲ್ಲಿಯೇ ಹೊಸ ರೆಕಾರ್ಡನ್ನೂ ಹೊರತಂದ.