ಓಡುವ ಡೇಟಾಬೇಸ್, ತಪ್ಪುವ ಉತ್ತರ



2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ರ ಆಯುಸ್ಸು ಮುಗಿಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಇಂಥ ತಾರೀಕು ಹತ್ತಿರ ಬಂದಾಗಲೆಲ್ಲ ಕಚೇರಿ, ಕಾಲೇಜು, ಸಹಕಾರಿ ಸಂಘಗಳಲ್ಲಿ ಒಂದೇ ಬಗೆಯ ತೀರ್ಮಾನವಾಗುತ್ತದೆ: ಆಪರೇಟಿಂಗ್ ಸಿಸ್ಟಮ್ ಹೊಸದು ಹಾಕೋಣ, ಡೇಟಾಬೇಸ್ ಮಾತ್ರ ಇದ್ದದ್ದೇ ಇರಲಿ. ಹಾಗೆ ತೀರ್ಮಾನಿಸುವವರನ್ನು ದೂರುವಂತಿಲ್ಲ. ಹೊಸ ಆವೃತ್ತಿಯ ಲೈಸೆನ್ಸಿಗೆ ದುಡ್ಡು ಬೇಕು, ಹಳೆಯದರ ಮೇಲೆ ತಂತ್ರಾಂಶ ಬರೆದುಕೊಟ್ಟವರು ಎಂದೋ ಕೆಲಸ ಬಿಟ್ಟಿರುತ್ತಾರೆ, ಸೋರ್ಸ್ ಕೋಡ್ ಯಾರ ಬಳಿ ಇದೆಯೋ ಗೊತ್ತಿರುವುದಿಲ್ಲ. ಹೀಗೆ ಹಳೆಯ ಡೇಟಾಬೇಸ್, ಅದನ್ನು ತಯಾರಿಸಿದವರೇ ಪರೀಕ್ಷಿಸಿ ನೋಡದ ನೆಲದ ಮೇಲೆ ಕೆಲಸ ಶುರುಮಾಡುತ್ತದೆ.

ಅದು ಅಲ್ಲಿ ಓಡೀತೇ ಎಂದು ಎಲ್ಲರೂ ಕೇಳುತ್ತಾರೆ. ಓಡಿದ ಮೇಲೆ ಕೊಡುವ ಉತ್ತರ ಸರಿಯೇ ಎಂದು ಕೇಳುವವರು ಕಡಿಮೆ. ಈ ವಿಚಾರ ಸಂಕಿರಣ ಎರಡನೆಯ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಡೆಯಲಿ ಎಂಬುದೇ ಈ ಮಾತುಗಳ ಆಶಯ.

ಓಡದೇ ನಿಲ್ಲುವ ಡೇಟಾಬೇಸಿನಿಂದ ಅಪಾಯ ಕಡಿಮೆ. ಫಾಕ್ಸ್‌ಪ್ರೊ 2.6 ಹಳೆಯ ಯಂತ್ರಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ವೇಗದ ಪ್ರೊಸೆಸರುಗಳು ಬಂದ ಮೇಲೆ ತೆರೆಯುವಾಗಲೇ ‘ಸೊನ್ನೆಯಿಂದ ಭಾಗಾಕಾರ’ ಎಂಬ ದೋಷ ತೋರಿಸಿ ನಿಲ್ಲತೊಡಗಿತು. ಯಂತ್ರದ ವೇಗ ಅಳೆಯಲು ಅದು ಆರಂಭದಲ್ಲಿ ಒಂದು ಸುತ್ತುಲೆಕ್ಕ ನಡೆಸಿ, ಹಿಡಿದ ಸಮಯದಿಂದ ಭಾಗಿಸುತ್ತಿತ್ತು. ಹೊಸ ಪ್ರೊಸೆಸರಿನಲ್ಲಿ ಆ ಸಮಯ ಸೊನ್ನೆಗೆ ಇಳಿದಿತ್ತು. ಮುಂದೆ 64 ಬಿಟ್ ವಿಂಡೋಸ್ ಬಂದಾಗ 16 ಬಿಟ್ ಪ್ರೋಗ್ರಾಮುಗಳಿಗೆ ಜಾಗವೇ ಇಲ್ಲವಾಯಿತು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ.

ಎಸ್‌ಕ್ಯೂಎಲ್ ಸರ್ವರಿನ ಕಥೆ ಇನ್ನೂ ಇತ್ತೀಚಿನದು. ಡಿಸ್ಕಿನ ಸೆಕ್ಟರ್ 512 ಬೈಟ್ ಅಥವಾ 4 ಕೆಬಿ ಇರುತ್ತದೆ ಎಂದು ನಂಬಿ ಅದನ್ನು ಕಟ್ಟಲಾಗಿದೆ. ಕೆಲವು ಎನ್‌ವಿಎಂಇ ಡಿಸ್ಕುಗಳು ಅದಕ್ಕಿಂತ ದೊಡ್ಡ ಅಳತೆ ಹೇಳುತ್ತವೆ. ವಿಂಡೋಸ್ 10 ಅದನ್ನು ಮರೆಮಾಡುತ್ತಿತ್ತು, ವಿಂಡೋಸ್ 11 ಇದ್ದದ್ದನ್ನು ಇದ್ದಹಾಗೆ ಹೇಳುತ್ತದೆ. ಆಗ ಎಸ್‌ಕ್ಯೂಎಲ್ ಸರ್ವರಿನ ಸರ್ವಿಸ್ ಶುರುವಾಗುವುದಿಲ್ಲ. ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿ 4 ಕೆಬಿ ಎಂದೇ ಹೇಳಿಸಬೇಕು. ಒರಾಕಲ್ 19ಸಿಯ ಮೂಲ ಇನ್‌ಸ್ಟಾಲರಿಗೆ ಒರಾಕಲ್ ಲಿನಕ್ಸ್ 8ರ ಪರಿಚಯವಿಲ್ಲ; ಇದು 7 ಎಂದೇ ತಿಳಿದುಕೋ ಎಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದರಲ್ಲಿ ಬರೆದರೆ ಮುಂದುವರಿಯುತ್ತದೆ. ಡೇಟಾಬೇಸ್ ನಿರ್ವಾಹಕರ ಕೈಪಿಡಿಗಳಲ್ಲಿ ಇಂಥ ಉಪಾಯಗಳು ಬೇಕಾದಷ್ಟಿವೆ. ಅವುಗಳಲ್ಲಿ ತಪ್ಪಿಲ್ಲ. ಆದರೆ ಇನ್‌ಸ್ಟಾಲರ್ ತಡೆದದ್ದು ಯಾಕೆ ಎಂದು ವಿಚಾರಿಸದೆ ತಡೆಯನ್ನು ದಾಟಿಬಿಡುವ ಅಭ್ಯಾಸ ಅಲ್ಲಿಂದಲೇ ಬೆಳೆಯುತ್ತದೆ.

ನಿಜವಾದ ಅಪಾಯಕ್ಕೆ ಪೋಸ್ಟ್‌ಗ್ರೆಸ್‌ಗಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಪದಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ತಾನೇ ತೀರ್ಮಾನಿಸುವುದಿಲ್ಲ. ಲಿನಕ್ಸಿನ ಸಿ ಲೈಬ್ರರಿ ಜಿಲಿಬ್‌ಸಿಯನ್ನು ಕೇಳುತ್ತದೆ. 2018ರ ಆಗಸ್ಟಿನಲ್ಲಿ ಬಂದ ಜಿಲಿಬ್‌ಸಿ 2.28 ಈ ಅನುಕ್ರಮವನ್ನು ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದುವಂತೆ ಬದಲಿಸಿತು. ಬದಲಾವಣೆ ಮಾಡಬೇಕಾದದ್ದೇ ಆಗಿತ್ತು. ಸೆಂಟ್‌ಓಎಸ್ 7ರಲ್ಲಿದ್ದದ್ದು 2.17, ರೆಡ್‌ಹ್ಯಾಟ್ 8 ಮತ್ತು ಡೆಬಿಯನ್ 10ರಲ್ಲಿರುವುದು 2.28.

ಪರಿಣಾಮ ಕಾಣಲು ಎರಡು ನಮೂದು ಸಾಕು: 11 ಮತ್ತು 1-1. ಅಮೆರಿಕನ್ ಇಂಗ್ಲಿಷ್ ಲೊಕೇಲಿನಲ್ಲಿ ಇವನ್ನು ಜೋಡಿಸಲು ಹೇಳಿದರೆ ಹಳೆಯ ಲೈಬ್ರರಿ 11 ಮೊದಲು ಎನ್ನುತ್ತದೆ, ಹೊಸದು 1-1 ಮೊದಲು ಎನ್ನುತ್ತದೆ. ಡಿಸ್ಕಿನ ಮೇಲಿರುವ ಇಂಡೆಕ್ಸ್ ಹಳೆಯ ಅನುಕ್ರಮದಲ್ಲಿ ಬರೆದಿಟ್ಟದ್ದು. ಹುಡುಕುವಾಗ ಡೇಟಾಬೇಸ್ ಪ್ರತಿ ಕವಲಿನಲ್ಲೂ ಎಡಕ್ಕೋ ಬಲಕ್ಕೋ ಎಂದು ಹೊಸ ಲೈಬ್ರರಿಯನ್ನು ಕೇಳಿ, ಅದು ತೋರಿಸಿದ ಕಡೆ ಹೋಗುತ್ತದೆ. ಎಲ್ಲೋ ಒಂದು ಕವಲಿನಲ್ಲಿ ದಾರಿ ತಪ್ಪುತ್ತದೆ. ದಾಖಲೆ ಟೇಬಲ್ಲಿನಲ್ಲೇ ಇದೆ, ‘ಇಲ್ಲ’ ಎಂದು ಉತ್ತರ ಬರುತ್ತದೆ. ಇಲ್ಲವಲ್ಲ ಎಂದು ಗುಮಾಸ್ತರು ಅದನ್ನೇ ಮತ್ತೆ ಸೇರಿಸುತ್ತಾರೆ. ಒಂದು ಸಂಖ್ಯೆ ಒಂದೇ ಸಲ ಬರಬೇಕೆಂಬ ನಿಯಮವನ್ನು ಕಾಯುವುದೂ ಅದೇ ಇಂಡೆಕ್ಸ್ ಆದ್ದರಿಂದ ಎರಡನೆಯದೂ ಒಳಗೆ ಸೇರುತ್ತದೆ. ಲಾಗ್ ಫೈಲಿನಲ್ಲಿ ಒಂದಕ್ಷರ ದೋಷವಿರುವುದಿಲ್ಲ. ಸರ್ವೆ ನಂಬರು, ಮನೆ ನಂಬರು, ಗ್ರಂಥಾಲಯದ ಕರೆ ಸಂಖ್ಯೆ ಹೀಗೆ ನಡುವೆ ಗೆರೆ ಚುಕ್ಕಿಗಳಿರುವ ಸಂಖ್ಯೆಗಳು ಕರ್ನಾಟಕದ ಕಡತಗಳಲ್ಲಿ ಎಷ್ಟಿವೆ ಎಂದು ಯೋಚಿಸಿದರೆ ಇದು ದೂರದ ಸಮಸ್ಯೆಯಾಗಿ ಉಳಿಯುವುದಿಲ್ಲ.

ಮುಖ್ಯ ಸರ್ವರ್ ಹಳೆಯ ಲಿನಕ್ಸಿನಲ್ಲಿ, ಅದರ ನಕಲು ಹೊಸದರಲ್ಲಿ ಇದ್ದರೂ ಇದೇ ಪಾಡು. ನಕಲಿಗೆ ಬರುವುದು ಇಂಡೆಕ್ಸಿನ ಬೈಟುಗಳೇ ಹೊರತು ಅನುಕ್ರಮದ ನಿಯಮವಲ್ಲ. 2022ರಲ್ಲಿ ಬಂದ ಪೋಸ್ಟ್‌ಗ್ರೆಸ್ 15, ಡೇಟಾಬೇಸ್ ಯಾವ ಅನುಕ್ರಮದ ಆವೃತ್ತಿಯಲ್ಲಿ ಹುಟ್ಟಿತೆಂದು ಬರೆದಿಟ್ಟುಕೊಂಡು, ಅದು ಬದಲಾದರೆ ಎಚ್ಚರಿಸುತ್ತದೆ. 9.6ರಂಥ ಹಳೆಯ ಆವೃತ್ತಿಯಲ್ಲಿ ಉಳಿದವರಿಗೆ ಆ ಎಚ್ಚರಿಕೆ ಸಿಗದು. ಪರಿಹಾರ ಸರಳ: ಪಠ್ಯದ ಮೇಲಿನ ಇಂಡೆಕ್ಸುಗಳನ್ನೆಲ್ಲ ರೀಇಂಡೆಕ್ಸ್ ಮಾಡುವುದು, ಇಲ್ಲವೇ ಡಂಪ್ ತೆಗೆದು ಹೊಸ ಯಂತ್ರದಲ್ಲಿ ಮತ್ತೆ ತುಂಬುವುದು. ಆದರೆ ಅಷ್ಟರಲ್ಲಿ ಎರಡೆರಡು ಸಲ ಸೇರಿಹೋದ ದಾಖಲೆಗಳನ್ನು ಮನುಷ್ಯರೇ ಕೂತು ಬಿಡಿಸಬೇಕು.

ಕನ್ನಡದಂಥ ಭಾರತೀಯ ಭಾಷೆಗಳಿಗೆ ವಿಶಿಷ್ಟವಾದ ಒಂದು ತೊಡಕೂ ಇದೆ. ಡಾಸ್ ಕಾಲದಲ್ಲಿ ಡಿಬೇಸ್, ಫಾಕ್ಸ್‌ಪ್ರೊಗಳಲ್ಲಿ ಕನ್ನಡ ಹೆಸರು ತುಂಬಲು ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂಡಿಸುತ್ತಿದ್ದರು. ಅಕ್ಷರಗಳು ಇಸ್ಕಿ ಸಂಕೇತದಲ್ಲಿ ಉಳಿಯುತ್ತಿದ್ದವು, ಕನ್ನಡವಾಗಿ ತೋರಿಸುವುದು ಆ ಕಾರ್ಡಿನ ಕೆಲಸ. ಇಂದು ಡಾಸ್‌ಬಾಕ್ಸ್‌ನಂಥ ಎಮ್ಯುಲೇಟರಿನಲ್ಲಿ ಹಳೆಯ ಫಾಕ್ಸ್‌ಪ್ರೊ ತೆರೆದುಕೊಳ್ಳುತ್ತದೆ, ಮೆನು ಬರುತ್ತದೆ, ಲೆಕ್ಕ ಕೂಡುತ್ತದೆ. ಕಾರ್ಡು ಮಾತ್ರ ಇಲ್ಲ. ಇಸ್ಕಿಯಲ್ಲಿ ‘ಕ’ ಅಕ್ಷರದ ಸಂಖ್ಯೆ 179. ಡಾಸ್‌ನ ಮೂಲ ಕೋಡ್‌ಪೇಜಿನಲ್ಲಿ 179 ಎಂದರೆ ಚೌಕಟ್ಟು ಬರೆಯುವ ನಿಲುಗೆರೆ. ಕಮಲಾ ಎಂಬವರ ಹೆಸರು ಪರದೆಯ ಮೇಲೆ ಒಂದು ಗೆರೆಯಿಂದ ಶುರುವಾಗುತ್ತದೆ. ಇದನ್ನು ಕಂಡು ದತ್ತಾಂಶ ಹಾಳಾಯಿತೆಂದು ಫೈಲು ಅಳಿಸುವುದೇ ದೊಡ್ಡ ನಷ್ಟ. ಯೂನಿಕೋಡಿನ ಭಾರತೀಯ ಲಿಪಿಗಳ ವಿನ್ಯಾಸವೇ 1988ರ ಇಸ್ಕಿಯನ್ನು ಆಧರಿಸಿದ್ದು, ಆದ್ದರಿಂದ ಪರಿವರ್ತನೆ ಬಹುಮಟ್ಟಿಗೆ ಯಾಂತ್ರಿಕ. ಫಾಕ್ಸ್‌ಪ್ರೊ ದತ್ತಾಂಶ ಉಳಿಸುವ ಡಿಬಿಎಫ್ ಫೈಲಿನ ರಚನೆಯೂ ಸರಳ. ಫಾಕ್ಸ್‌ಪ್ರೊ ಇಲ್ಲದೆಯೇ ಅದನ್ನು ಓದಬಹುದು. ಅನಂತರದ ಕಾಲದ ಫಾಂಟ್ ಸಂಕೇತಗಳಲ್ಲಿ ಉಳಿಸಿದ ಕನ್ನಡದ್ದು ಹೆಚ್ಚು ಕಷ್ಟ, ಏಕೆಂದರೆ ಅಲ್ಲಿರುವುದು ಅಕ್ಷರವಲ್ಲ, ಅಕ್ಷರದ ತುಣುಕುಗಳು. ಅರ್ಕಾವತ್ತನ್ನು ಅದರ ಜಾಗಕ್ಕೆ ಸರಿಸಬೇಕಾಗುತ್ತದೆ.

ಹಾಗಾದರೆ ಹಳೆಯ ಡೇಟಾಬೇಸನ್ನು ಹಳೆಯ ಸಿಸ್ಟಮ್ಮಿನಲ್ಲೇ ಬಿಡಬಾರದೇ? ನೆಟ್‌ವರ್ಕಿನಿಂದ ದೂರವಿಟ್ಟ ವರ್ಚುವಲ್ ಯಂತ್ರದಲ್ಲಿ, ಓದಲಿಕ್ಕೆ ಮಾತ್ರ ಎಂದಾದರೆ ಬಿಡಬಹುದು. ಅದು ಮರ್ಯಾದೆಯ ದಾರಿಯೇ. ನೆಟ್‌ವರ್ಕಿಗೆ ತೆರೆದು ಬಿಡುವುದಾದರೆ 2003ರ ಜನವರಿ 25ನ್ನು ನೆನೆಯಬೇಕು. ಅಂದು ಕೇವಲ 376 ಬೈಟುಗಳ ಸ್ಲ್ಯಾಮರ್ ಹುಳು ಎಸ್‌ಕ್ಯೂಎಲ್ ಸರ್ವರ್ 2000ರ ಒಂದು ದೋಷ ಹಿಡಿದು ಜಗತ್ತಿನ ಸರ್ವರುಗಳಿಗೆ ಹರಡಿತು. ಅದರ ಪ್ಯಾಚ್ ಹಿಂದಿನ ಜುಲೈನಲ್ಲೇ ಬಂದಿತ್ತು. ಬೆಂಬಲ ಮುಗಿದ ತಂತ್ರಾಂಶಕ್ಕೆ ಸಾಮಾನ್ಯವಾಗಿ ಪ್ಯಾಚ್ ಬರುವುದೇ ಇಲ್ಲ.

ಸಂಕಿರಣ ಮುಗಿಯುವುದರೊಳಗೆ ಒಂದು ಪುಟದ ನಮೂನೆ ಸಿದ್ಧವಾಗಬೇಕು. ಡೇಟಾಬೇಸಿನ ಆವೃತ್ತಿ, ಆಪರೇಟಿಂಗ್ ಸಿಸ್ಟಮ್ ಮತ್ತು ಅದರ ಲೈಬ್ರರಿಯ ಆವೃತ್ತಿ, ಕನ್ನಡ ಯಾವ ಸಂಕೇತದಲ್ಲಿದೆ, ಬ್ಯಾಕಪ್ಪನ್ನು ಕೊನೆಯ ಬಾರಿ ಮರಳಿ ತುಂಬಿ ನೋಡಿದ್ದು ಎಂದು, ಇಷ್ಟು ಅದರಲ್ಲಿರಲಿ. ಜೊತೆಗೆ, ಹಳೆಯ ಯಂತ್ರದಲ್ಲಿ ಉತ್ತರ ಬರೆದಿಟ್ಟುಕೊಂಡು ಹೊಸ ಯಂತ್ರದಲ್ಲಿ ಮತ್ತೆ ಕೇಳಬೇಕಾದ ಹತ್ತು ಪ್ರಶ್ನೆಗಳು: ಒಟ್ಟು ದಾಖಲೆ ಎಷ್ಟು, ಗೆರೆಯಿರುವ ಈ ಸರ್ವೆ ನಂಬರು ಸಿಗುತ್ತದೆಯೇ, ಒತ್ತಕ್ಷರವಿರುವ ಈ ಹೆಸರು ಯಾವ ಸಾಲಿನಲ್ಲಿ ಬರುತ್ತದೆ. ನಮೂನೆ ಕನ್ನಡದಲ್ಲೇ ಇರಲಿ. ಅದನ್ನು ತುಂಬುವವರು ತಾಲ್ಲೂಕು ಕಚೇರಿಯ, ಕಾಲೇಜು ಗ್ರಂಥಾಲಯದ, ಪತ್ತಿನ ಸಂಘದ ಸಿಬ್ಬಂದಿ. ತಪ್ಪು ಉತ್ತರ ಬಂದ ದಿನ ಕೌಂಟರಿನಲ್ಲಿ ಜನರೆದುರು ಇರುವವರೂ ಅವರೇ.